ಪರಿಚಾರಕನ ವಿದ್ಯೆ



ಕಲ್ಯಾಣದಿಂದ ಕಸಾರಾದ ಕಡೆಗೆ ಹೊರಡುವ ಲೋಕಲ್ ಗಾಡಿಯು ಶಹಾಡ, ಆಂಬಿವಲಿಗಳನ್ನು ದಾಟಿದೊಡನೆ ಬಂದು ನಿಲ್ಲುವ ಟಿಟ್ವಾಳಾ ನಿಲ್ದಾಣದಲ್ಲಿ, ಇನ್ನೂ ನಸುಕು ಹರಿಯುತ್ತಿರುವ ವೇಳೆಗೆ ಮುಂಬಯಿಯ ದಿಕ್ಕಿನ ಗಾಡಿಗಾಗಿ ಕಾದು ನಿಲ್ಲುವ ಜನಸಂದಣಿಯ ನಡುವೆ, ಮಡಿಸಿದ ಬಿಳಿಯ ಕೋಟನ್ನು ಸುಕ್ಕಾಗದಂತೆ ಚೀಲದೊಳಗಿರಿಸಿಕೊಂಡು, ಅಂಚು ಸವೆದ ನೋಟುಬುಕ್ಕೊಂದನ್ನು ತೆರೆದು ಏನನ್ನೋ ಬಾಯಿಪಾಠ ಮಾಡುತ್ತ ನಿಂತ ತರುಣ ತರುಣಿಯರು ನಾಲ್ಕಾರು ಮಂದಿ ಈಚೆಗೆ ನನ್ನ ಕಣ್ಣಿಗೆ ಬೀಳುತ್ತಿದ್ದಾರೆ. ಇವರು ಡಾಕ್ಟರಿಕೆಯ ವಿದ್ಯಾರ್ಥಿಗಳಲ್ಲ, ದಾದಿಯರ ಶಾಲೆಯವರೂ ಅಲ್ಲ. ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯನ್ನು ಮುಗಿಸಿ, ಆಸ್ಪತ್ರೆಯ ಸಹಾಯಕರಾಗಲು, ಮರಾಠಿಯವರ ಮಾತಿನಲ್ಲಿ ರುಗ್ಣ ಸಹಾಯಕರಾಗಲು, ತರಬೇತಿ ಪಡೆಯುತ್ತಿರುವವರು. ಅವರಲ್ಲಿ ಕೆಲವರು ನಮ್ಮ ಕನ್ನಡ ಮನೆಗಳ ಮಕ್ಕಳೆಂಬುದನ್ನು, ಗಾಡಿಯಲ್ಲಿ ಅವರು ತಾಯಿಯೊಡನೆ ಫೋನಿನಲ್ಲಾಡುವ ಮಾತಿನಿಂದಲೇ ನಾನು ತಿಳಿದುಕೊಂಡೆನು. ಡೊಂಬಿವಲಿಯ ಬಾಡಿಗೆ ಕೈಗೆಟುಕದೆ ಹೋದಾಗ ಹಳಿಗುಂಟ ಹಿಂದೆ ಹಿಂದೆ ಸರಿದು ಇಲ್ಲಿ ನೆಲೆ ಕಂಡ ಹೋಟೆಲ್ ನೌಕರರ ಮಕ್ಕಳು ಕೆಲವರಾದರೆ, ಕಲಬುರಗಿ ವಿಜಯಪುರಗಳಿಂದ ಕಟ್ಟಡದ ಕೆಲಸಕ್ಕೆಂದು ಬಂದು ಊರಿಗೆ ಮರಳದೆ ನಿಂತವರ ಮಕ್ಕಳು ಇನ್ನು ಕೆಲವರು. ಈ ಮಕ್ಕಳು ಕಲಿಯುತ್ತಿರುವ ವಿದ್ಯೆ ಯಾವುದು, ಅದರ ಬೆಲೆ ಏನು, ಅದನ್ನು ಎಲ್ಲಿ ಹೇಗೆ ಕಲಿಯತಕ್ಕದ್ದು ಎಂಬುದನ್ನು ಇಂದು ತಮ್ಮೆದುರು ನಿವೇದಿಸಬೇಕೆಂದಿದ್ದೇನೆ.

ಟಿಟ್ವಾಳಾ ಎಂದೊಡನೆ ಜನರಿಗೆ ನೆನಪಾಗುವುದು ಅಲ್ಲಿಯ ಮಹಾಗಣಪತಿ. ಕಾಳು ನದಿಯ ಮಗ್ಗುಲಿನ ಈ ಊರು ಕಣ್ವ ಮಹರ್ಷಿಗಳ ಆಶ್ರಮವಿದ್ದ ಸ್ಥಳವೆಂದೂ, ಆ ಗಣಪತಿಯನ್ನು ಪ್ರತಿಷ್ಠಿಸಿದವಳು ಶಕುಂತಲೆಯೆಂದೂ ಸ್ಥಳಪುರಾಣ. ಪುರಾಣವು ಇತಿಹಾಸವಾಗಬೇಕೆಂದು ನಾನು ಹಟ ಹಿಡಿಯುವವನಲ್ಲ. ಆದರೆ ಕಣ್ವಾಶ್ರಮದ ಮಾತು ಬಂದಾಗಲೆಲ್ಲ ನನಗೆ ಕಾಳಿದಾಸನ ನಾಟಕದ ಮೂರನೆಯ ಅಂಕವು ನೆನಪಾಗುತ್ತದೆ: ಶಕುಂತಲೆಗೆ ತಾಪವೇರಿದೆಯೆಂದು ಕೇಳಿ ಲಾಮಂಚದ ಲೇಪವನ್ನೂ ತಾವರೆಯೆಲೆಗಳನ್ನೂ ಹೊತ್ತು ನಡೆಯುವ ಪ್ರಿಯಂವದೆ, ಬಳಿಯಲ್ಲಿ ಕುಳಿತು ಗಾಳಿಹಾಕುವ ಅನಸೂಯೆ. ಅಲ್ಲಿ ವೈದ್ಯನಿಲ್ಲ, ಪರಿಚಾರಿಕೆಯರಿದ್ದಾರೆ. ನಮ್ಮ ಪ್ರಾಚೀನರು ಪರಿಚಾರಕನಿಗೆ ಕೊಟ್ಟ ಸ್ಥಾನವು ಸಾಮಾನ್ಯವಾದುದಲ್ಲ. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಆ ಪರಿಚಾರಕನಲ್ಲಿ ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳಿರಬೇಕೆಂದು ವಿಧಿಸುತ್ತದೆ. ಇಂದಿನ ತರಬೇತಿಯ ಯಾವ ಪಠ್ಯಕ್ರಮವನ್ನು ಬಿಚ್ಚಿದರೂ, ಹೆಸರುಗಳು ಬದಲಾಗಿರುವುದೇ ಹೊರತು ಈ ನಾಲ್ಕನ್ನು ಮೀರಿದ ಐದನೆಯದೊಂದು ನನಗಂತೂ ಕಾಣಲಿಲ್ಲ.

ನಮ್ಮ ತಲೆಮಾರಿನವರಿಗೆ ಡಾಕ್ಟರರ ಸಹಾಯಕನೆಂದರೆ ಕಾಂಪೌಂಡರನೇ. ಹಲಗೆಯ ಅಡ್ಡಗೋಡೆಯ ಹಿಂದೆ ನಿಂತು, ಕೆಂಪು ಮಿಕ್ಸ್ಚರನ್ನು ಸೀಸೆಗೆ ತುಂಬಿ, ಕತ್ತರಿಯಿಂದ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಸೀಸೆಯ ಬೆನ್ನಿಗೆ ಅಂಟಿಸಿ, ಒಂದೊಂದು ಹಲ್ಲಿಗೆ ಒಂದೊಂದು ಹೊತ್ತಿನ ಔಷಧವೆಂದು ಅಕ್ಷರ ಬಾರದ ಮುದುಕಿಗೂ ಅರ್ಥವಾಗುವಂತೆ ತಿಳಿಸಿಕೊಡುತ್ತಿದ್ದ ಆ ಮನುಷ್ಯನು ಯಾವ ಶಾಲೆಯಲ್ಲಿ ಕಲಿತನೆಂದು ಯಾರೂ ಕೇಳುತ್ತಿರಲಿಲ್ಲ. ಅವನು ಡಾಕ್ಟರರ ಪಕ್ಕದಲ್ಲಿ ನಿಂತು ನೋಡಿ ಕಲಿತವನು. ಔಷಧವನ್ನು ಬೆರೆಸಿ ಕೊಡುವ ಅಧಿಕಾರವನ್ನು 1948ರ ಫಾರ್ಮಸಿ ಕಾಯಿದೆಯು ನೋಂದಾಯಿತ ಔಷಧಜ್ಞರಿಗೆ ಒಪ್ಪಿಸಿದ ಮೇಲೆ, ಮಾತ್ರೆಗಳು ತಗಡಿನ ಹಾಳೆಯಲ್ಲಿ ಸಿದ್ಧವಾಗಿ ಬರತೊಡಗಿದ ಮೇಲೆ, ಕಾಂಪೌಂಡರನು ಮೆಲ್ಲನೆ ಮರೆಯಾದನು. ಅವನ ಕೆಲಸವು ಮಾತ್ರ ಮರೆಯಾಗಲಿಲ್ಲ. ರೋಗಿಯನ್ನು ಕುಳ್ಳಿರಿಸುವುದು, ಜ್ವರ ನೋಡುವುದು, ಗಾಯಕ್ಕೆ ಪಟ್ಟಿ ಕಟ್ಟಲು ಅಣಿಮಾಡುವುದು, ಚೀಟಿಯನ್ನು ಓದಿ ಹೇಳುವುದು ಇವೆಲ್ಲ ಯಾರಾದರೊಬ್ಬರು ಮಾಡಲೇಬೇಕಾದವು. ಅವು ವಾರ್ಡ್ ಬಾಯ್‌ಗೂ, ಮಾವಶಿಯೆಂದು ಕರೆಸಿಕೊಳ್ಳುವ ಆಯಾಗೂ, ಕೈ ಖಾಲಿಯಿದ್ದ ಮತ್ತಾರಿಗೋ ಹಂಚಿಹೋದವು. ತೋರಿಸಿ ಕಲಿಸುವ ಗುರುವು ಹೋದನು. ಅವನ ಸ್ಥಾನದಲ್ಲಿ ಬಹುಕಾಲ ಯಾವ ಶಾಲೆಯೂ ಬರಲಿಲ್ಲ.

ಅಮೆರಿಕದಲ್ಲಿ ಈ ತೆರಪನ್ನು ತುಂಬಿದ್ದು ಸಮುದಾಯ ಕಾಲೇಜು. ಶಿಕಾಗೋದ ಸಮೀಪದ ಜೋಲಿಯೆಟ್ಟಿನಲ್ಲಿ 1901ರಲ್ಲಿ ಇಂಥ ಮೊದಲ ಸಾರ್ವಜನಿಕ ಕಾಲೇಜು ಆರಂಭವಾಯಿತು. ದೂರದ ವಿಶ್ವವಿದ್ಯಾಲಯಕ್ಕೆ ಹೋಗಲಾರದ ಹುಡುಗನಿಗೆ ತನ್ನೂರಿನಲ್ಲೇ, ತನ್ನೂರಿಗೆ ಬೇಕಾದ ವಿದ್ಯೆಯನ್ನು ಅಲ್ಪ ಶುಲ್ಕದಲ್ಲಿ ಕಲಿಸುವುದು ಅದರ ಉದ್ದೇಶ. ವೈದ್ಯರ ಸಹಾಯಕರು ಅಲ್ಲಿ 1956ರಲ್ಲಿ ತಮ್ಮದೇ ರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡರು. ನಮ್ಮ ದೇಶಕ್ಕೆ ಸಮುದಾಯ ಕಾಲೇಜಿನ ಕಲ್ಪನೆಯು 1995ರಲ್ಲಿ ಪುದುಚೇರಿಗೂ, ಮರುವರ್ಷ ಮದರಾಸಿಗೂ ಬಂದಿತು. ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಸಾಮಾನ್ಯ ಕಾಲೇಜುಗಳೊಳಗೇ ಸಮುದಾಯ ಕಾಲೇಜುಗಳನ್ನು ತೆರೆಯಲು ನೆರವು ನೀಡತೊಡಗಿತು. ಇದರ ಹೊರಗೆ, ಆರೋಗ್ಯ ಕ್ಷೇತ್ರದ ಕೌಶಲ ಮಂಡಳಿಯು ರೂಪಿಸಿದ, ಜನರಲ್ ಡ್ಯೂಟಿ ಅಸಿಸ್ಟೆಂಟ್ ಎಂಬ ಹೆಸರಿನ, ಕೆಲವೇ ತಿಂಗಳುಗಳ ತರಬೇತಿಯೂ ಇದೆ. ನಾನು ಗಾಡಿಯಲ್ಲಿ ಕಂಡ ಮಕ್ಕಳಲ್ಲಿ ಹೆಚ್ಚಿನವರು ಕಲಿಯುತ್ತಿರುವುದು ಇದನ್ನೇ.

ಇನ್ನು ಅವರು ಕಲಿಯುವುದೇನೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎರಡು ವರ್ಷಗಳ ಹಿಂದೆ ನನ್ನ ಅಕ್ಕ ಆಸ್ಪತ್ರೆಯಲ್ಲಿದ್ದಾಗ, ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗಿ ಬಂದು ಆಕೆಯ ಮಣಿಕಟ್ಟನ್ನು ಹಿಡಿದು, ಗಡಿಯಾರವನ್ನು ನೋಡುತ್ತ ಪೂರ್ತಿ ಒಂದು ನಿಮಿಷ ನಿಂತಳು; ನಿಮಿಷ ಕಳೆದ ಮೇಲೂ ಕೈ ಬಿಡದೆ ಮತ್ತೊಂದು ನಿಮಿಷ ಹಾಗೆಯೇ ನಿಂತಳು. ನಾಡಿ ಎರಡು ಸಲ ಎಣಿಸಬೇಕೇನಮ್ಮ ಎಂದು ನಾನು ಹೊರಗೆ ಬಂದಾಗ ಕೇಳಿದೆ. ಆಕೆ ಮೆಲುದನಿಯಲ್ಲಿ, ಎರಡನೆಯ ಸಲ ಎಣಿಸಿದ್ದು ನಾಡಿಯನ್ನಲ್ಲ, ಉಸಿರನ್ನು ಎಂದಳು. ತನ್ನ ಉಸಿರನ್ನು ಯಾರೋ ಎಣಿಸುತ್ತಿದ್ದಾರೆಂದು ರೋಗಿಗೆ ತಿಳಿದರೆ ಉಸಿರಿನ ಗತಿಯೇ ಬದಲಾಗಿಬಿಡುವುದರಿಂದ, ನಾಡಿ ನೋಡುವ ನೆಪದಲ್ಲಿ ಕೈ ಹಿಡಿದುಕೊಂಡೇ ಎದೆಯ ಏರಿಳಿತವನ್ನು ಎಣಿಸಬೇಕಂತೆ. ವಯಸ್ಕರಿಗೆ ನಿಮಿಷಕ್ಕೆ 12ರಿಂದ 20 ಸರಿ. ಅದು ಏರತೊಡಗಿದರೆ, ಬೇರೆ ಲಕ್ಷಣಗಳು ತೋರುವ ಮುನ್ನವೇ ದೇಹವು ಕೊಡುವ ಸೂಚನೆಯದು. ಡಾಕ್ಟರರು ದಿನಕ್ಕೆ ಎರಡು ಸಲ ಬಂದು ಹೋಗುವವರು. ನಡುವಿನ ಹೊತ್ತಿನಲ್ಲಿ ಆ ಸೂಚನೆಯನ್ನು ಹಿಡಿಯಬಲ್ಲ ಕಣ್ಣುಗಳಲ್ಲಿ ಈ ಹುಡುಗಿಯದೂ ಒಂದು. ಚರಕನು ಹೇಳಿದ ಉಪಚಾರಜ್ಞತೆಯೆಂದರೆ ಇದೇ ಇರಬೇಕೆಂದು ಅಂದು ನನಗೆ ಅನಿಸಿತು.

ರಕ್ತದೊತ್ತಡವನ್ನು ಅಳೆಯುವ ಕೆಲಸವೂ ಹಾಗೆಯೇ. ಯಂತ್ರವು ತಾನಾಗಿಯೇ ಅಂಕಿಯನ್ನು ತೋರಿಸುವ ಈ ಕಾಲದಲ್ಲಿ ಕಲಿಯುವುದೇನಿದೆಯೆಂದು ಕೇಳಬಹುದು. ರೋಗಿಯು ಮೆಟ್ಟಿಲೇರಿ ಬಂದೊಡನೆ ಅಳೆಯದೆ ಐದು ನಿಮಿಷ ಸುಮ್ಮನೆ ಕುಳ್ಳಿರಿಸಬೇಕು. ಬೆನ್ನಿಗೆ ಒರಗು, ಪಾದಕ್ಕೆ ನೆಲ ಇರಬೇಕು. ತೋಳು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ಪಟ್ಟಿಯು ತೋಳಿನ ಅಳತೆಗೆ ಒಪ್ಪಬೇಕು. ಆ ಹೊತ್ತಿನಲ್ಲಿ ಮಾತು ಬೇಡ. ತೋಳು ಜೋತುಬಿದ್ದಿದ್ದರೂ, ದಪ್ಪ ತೋಳಿಗೆ ಸಣ್ಣ ಪಟ್ಟಿ ಬಿಗಿದರೂ, ಇಲ್ಲದ ಒತ್ತಡವು ಇದೆಯೆಂದು ಅಂಕಿ ತೋರುತ್ತದೆ. ಆ ಸುಳ್ಳು ಅಂಕಿಯನ್ನು ನಂಬಿ ಬರೆದ ಮಾತ್ರೆಯನ್ನು ಒಬ್ಬ ಬಡವನು ವರ್ಷಗಟ್ಟಲೆ ನುಂಗಬೇಕಾಗಬಹುದು.

ಶುಚಿತ್ವವೆಂಬ ನಾಲ್ಕನೆಯ ಗುಣದ ವಿಷಯದಲ್ಲಿ ನಮ್ಮ ಕಾಲವು ಪ್ರಾಚೀನರಿಗಿಂತ ಬಹಳ ಮುಂದೆ ಬಂದಿದೆ. ವಿಯೆನ್ನಾದ ಸೆಮ್ಮೆಲ್‌ವೈಸ್ ಎಂಬ ವೈದ್ಯನು 1847ರಲ್ಲಿ, ಕೈ ತೊಳೆದು ಹೆರಿಗೆ ಮಾಡಿಸಿದರೆ ಬಾಣಂತಿಯರು ಸಾಯುವುದು ತಪ್ಪುತ್ತದೆಂದು ತೋರಿಸಿಕೊಟ್ಟನು. ಅವನ ಕಾಲದ ಪಂಡಿತರು ಅವನನ್ನು ನಂಬಲಿಲ್ಲ. ಇಂದು ಸಹಾಯಕನಿಗೆ ಮೊದಲ ವಾರದಲ್ಲಿ ಕಲಿಸುವುದೇ ಆ ಪಾಠ. ಎರಡನೆಯದು ಕಸದ ಪಾಠ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮಗಳಂತೆ, ರಕ್ತ ಕೀವು ತಗುಲಿದ ಹತ್ತಿ ಬಟ್ಟೆಗಳು ಹಳದಿ ಚೀಲಕ್ಕೆ, ಸಲೈನಿನ ನಳಿಗೆ ಮೊದಲಾದ ಪ್ಲಾಸ್ಟಿಕ್ಕು ಕೆಂಪು ಚೀಲಕ್ಕೆ, ಗಾಜು ನೀಲಿ ಪೆಟ್ಟಿಗೆಗೆ, ಸೂಜಿ ಬ್ಲೇಡುಗಳು ಚುಚ್ಚಿದರೂ ತೂತು ಬೀಳದ ಬಿಳಿಯ ಡಬ್ಬಿಗೆ ಹೋಗಬೇಕು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲೇಕೂಡದು. ಈ ಕಡೆಯ ಒಂದು ಆಸ್ಪತ್ರೆಯಲ್ಲಿ ಎಳೆಯ ಹುಡುಗನೊಬ್ಬನು ಬರಿಗೈಯಲ್ಲಿ ಸೂಜಿಗೆ ಮುಚ್ಚಳ ಹಾಕಹೋಗಿ ಬೆರಳಿಗೆ ಚುಚ್ಚಿಕೊಂಡು, ಯಾರಿಗೂ ಹೇಳದೆ ಅಂಗಿಗೆ ಒರೆಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚುಚ್ಚಿದೊಡನೆ ಸೋಪು ನೀರಿನಲ್ಲಿ ತೊಳೆದು ಮೇಲಿನವರಿಗೆ ತಿಳಿಸಬೇಕು, ಕಾಮಾಲೆಯೇ ಮೊದಲಾದ ಸೋಂಕುಗಳಿಗೆ ತಡಮಾಡದೆ ರಕ್ಷಣೆ ಪಡೆಯಬೇಕು ಎಂದು ಅವನಿಗೆ ಹೇಳಿಕೊಟ್ಟವರಿರಲಿಲ್ಲ. ಅವನಿಗೆ ಸಮವಸ್ತ್ರ ಕೊಟ್ಟಿದ್ದರು, ವಿದ್ಯೆ ಕೊಟ್ಟಿರಲಿಲ್ಲ. ಆ ದೃಶ್ಯವು ನನ್ನ ಮನಸ್ಸಿನಿಂದ ಇನ್ನೂ ಮಾಸಿಲ್ಲ.

ಇಷ್ಟನ್ನು ಹೇಳಿದ ಮೇಲೆ, ಸಹಾಯಕನು ಏನನ್ನು ಮಾಡಕೂಡದೆಂಬುದನ್ನು ಹೇಳದಿದ್ದರೆ ನನ್ನ ಮಾತು ಅಪೂರ್ಣವಾದೀತು. ಕೆಲವು ತಿಂಗಳ ತರಬೇತಿ ಪಡೆದವನು ಔಷಧವನ್ನು ಸೂಚಿಸಕೂಡದು, ರೋಗ ಇಂಥದೆಂದು ಹೇಳಕೂಡದು, ಡಾಕ್ಟರರು ಊರಿನಲ್ಲಿಲ್ಲವೆಂದು ತಾನೇ ಅವರ ಕುರ್ಚಿಯಲ್ಲಿ ಕೂರಕೂಡದು. ಸಂಸತ್ತು 2021ರಲ್ಲಿ ಅಂಗೀಕರಿಸಿದ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯಿದೆಯು, ತಂತ್ರಜ್ಞರೇ ಮೊದಲಾದವರ ಡಿಪ್ಲೊಮಾ ಅಥವಾ ಪದವಿಯು ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿದ ಕನಿಷ್ಠ 2,000 ಗಂಟೆಗಳ ಅಧ್ಯಯನವಾಗಿರಬೇಕೆಂದು ಗೊತ್ತುಮಾಡಿದೆ. ಆದುದರಿಂದ ಮೂರು ತಿಂಗಳಲ್ಲಿ ನಿಮ್ಮ ಮಗಳನ್ನು ವೈದ್ಯಕೀಯ ತಂತ್ರಜ್ಞಳನ್ನಾಗಿ ಮಾಡಿಕೊಡುತ್ತೇವೆಂದು ನಿಲ್ದಾಣದ ಸೇತುವೆಯ ಕಂಬಕ್ಕೆ ಅಂಟಿಸಿದ ಕಾಗದವನ್ನು ನೋಡಿ ಯಾವ ತಾಯಿಯೂ ಬಳೆಯನ್ನು ಅಡವಿಡುವುದು ಬೇಡವೆಂದು ನಾನು ಕೈಮುಗಿದು ಬೇಡುತ್ತೇನೆ. ಹಣ ಕಟ್ಟುವ ಮುನ್ನ ಕೇಳಬೇಕಾದುದು ಪ್ರಮಾಣಪತ್ರದ ಮೊಹರು ಎಷ್ಟು ದೊಡ್ಡದೆಂಬುದನ್ನಲ್ಲ: ಯಾವ ಆಸ್ಪತ್ರೆಯ ವಾರ್ಡಿನಲ್ಲಿ ಎಷ್ಟು ದಿನ ನಿಲ್ಲಿಸುತ್ತೀರಿ, ಪಕ್ಕದಲ್ಲಿ ನಿಂತು ತಿದ್ದುವವರು ಯಾರು, ಕಾಮಾಲೆಯ ಲಸಿಕೆಯನ್ನು ಯಾವಾಗ ಹಾಕಿಸುತ್ತೀರಿ ಎಂಬುದನ್ನು. ಈಜನ್ನು ದಡದಲ್ಲಿ ಕೂತು ಕಲಿತವರಿಲ್ಲ. ಓದುವ ಅನುಕೂಲವಿರುವ ಹುಡುಗಿಯು ಹನ್ನೆರಡನೆಯ ತರಗತಿಯ ಮೇಲೆ ಎರಡು ವರ್ಷದ ಎ.ಎನ್.ಎಂ. ಅಥವಾ ಮೂರು ವರ್ಷದ ಜಿ.ಎನ್.ಎಂ. ಎಂಬ ದಾದಿಯರ ಶಿಕ್ಷಣಕ್ಕೆ ಹೋಗುವುದೇ ಮೇಲು. ಅದು ಸಾಗದಿದ್ದಲ್ಲಿ, ಈ ಸಣ್ಣ ತರಬೇತಿಯನ್ನು ಮೊದಲ ಮೆಟ್ಟಿಲೆಂದು ಎಣಿಸಿ ಹತ್ತಬಹುದು. ಅದರಲ್ಲಿ ಅವಮಾನವೇನೂ ಇಲ್ಲ. ಅವಮಾನವಿರುವುದು, ಇಂಥ ಕೆಲಸಕ್ಕೆ ಮನೆ ಬಾಡಿಗೆಗೂ ಸಾಲದ ಸಂಬಳವನ್ನು ಕೊಟ್ಟು ಸುಮ್ಮನಿರುವ ನಮ್ಮಲ್ಲಿ.

ರೋಗಿಯ ಬಳಿ ತಕ್ಕ ಸಹಾಯವಿರಬೇಕೆಂಬ ಮಾತು ಈ ಪ್ರಾಂತದ ಮಣ್ಣಿಗೆ ಹೊಸದಲ್ಲ. ಟಿಟ್ವಾಳಾದಿಂದ ಮೂರನೆಯ ನಿಲ್ದಾಣವಾದ ಕಲ್ಯಾಣದಲ್ಲಿ ಬೆಳೆದ ಆನಂದೀಬಾಯಿ ಜೋಶಿಯವರು ಹದಿನಾಲ್ಕರ ಎಳೆ ವಯಸ್ಸಿನಲ್ಲಿ ಹೆತ್ತ ಮಗುವು ಹತ್ತೇ ದಿನ ಬದುಕಿತು. ತಕ್ಕ ವೈದ್ಯ ಸಹಾಯವಿಲ್ಲದೆ ಕಳೆದುಕೊಂಡ ಆ ಕೂಸಿನ ದುಃಖವೇ ಅವರನ್ನು ಪೆನ್ಸಿಲ್ವೇನಿಯಾದವರೆಗೆ ಕರೆದೊಯ್ದು, 1886ರಲ್ಲಿ ವೈದ್ಯ ಪದವಿ ಪಡೆಯುವಂತೆ ಮಾಡಿತು. ಮರುವರ್ಷವೇ, ಇಪ್ಪತ್ತೆರಡು ತುಂಬುವ ಮೊದಲೇ, ಅವರು ತೀರಿಹೋದರು. ಇಂದು ಆ ಕಲ್ಯಾಣದ ರುಕ್ಮಿಣೀಬಾಯಿ ಆಸ್ಪತ್ರೆಯ ಮುಂದೆಯೂ, ಡೊಂಬಿವಲಿಯ ಶಾಸ್ತ್ರೀನಗರ ಆಸ್ಪತ್ರೆಯ ಮುಂದೆಯೂ ಬೆಳಗಿನಲ್ಲಿ ನಿಲ್ಲುವ ಸಾಲುಗಳನ್ನು ಕಂಡವರಿಗೆ, ಡಾಕ್ಟರರ ಕೈಗೆ ಎಷ್ಟು ಕೈಗಳು ಜೊತೆಗೂಡಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಸಾಲುಗಳಲ್ಲಿ ನಮ್ಮವರೂ ಇರುತ್ತಾರೆ. ನಮ್ಮ ಮಕ್ಕಳು ಈ ಕೆಲಸಕ್ಕೆ ಹೋಗುವುದರಿಂದ ಆಗುವ ಇನ್ನೊಂದು ಉಪಕಾರವನ್ನು ಮೊನ್ನೆ ಗಾಡಿಯಲ್ಲಿ ಆ ತರುಣಿಯರಲ್ಲೊಬ್ಬಳು ನನಗೆ ತಿಳಿಸಿದಳು. ಆಕೆ ತರಬೇತಿ ಪಡೆಯುತ್ತಿದ್ದ ವಾರ್ಡಿಗೆ ಕಲಬುರಗಿಯ ಕಡೆಯ ಗಾರೆ ಕೆಲಸದ ಮುದುಕನೊಬ್ಬನನ್ನು ಕರೆತಂದಿದ್ದರು. ಅವನು ಮತ್ತೆ ಮತ್ತೆ ಹೇಳುತ್ತಿದ್ದುದು ಒಂದೇ ಮಾತು: “ಸಂಕಟ ಆಗ್ಲಿಕತ್ತದವ್ವ.” ಮರಾಠಿಯಲ್ಲಿ ಸಂಕಟವೆಂದರೆ ಆಪತ್ತು, ಮುದುಕನ ಮನೆಯಲ್ಲಿ ಏನೋ ಅನಾಹುತವಾಗಿರಬೇಕೆಂದು ಬಗೆದು, ಅಲ್ಲಿದ್ದ ಸಿಸ್ಟರು ಅವನಿಗೆ ಸಮಾಧಾನ ಹೇಳುತ್ತಿದ್ದರು. ಹುಡುಗಿಗೆ ತನ್ನ ಅಜ್ಜಿಯ ಮಾತು ನೆನಪಾಯಿತು. ಅವರ ಕಡೆ ಒಡಲೊಳಗಿನ ತಳಮಳಕ್ಕೆ, ಉಮ್ಮಳಿಸುವ ವಾಕರಿಕೆಗೆ ಸಂಕಟವೆನ್ನುತ್ತಾರೆ. “ಎಲ್ಲಿ ಆಗ್ತದ, ಮುತ್ಯಾ?” ಎಂದು ಕೇಳಿದಳು. ಮುದುಕನು ಅಂಗೈಯನ್ನು ಎದೆಯ ನಡುವೆ ಇಟ್ಟುಕೊಂಡನು. ಹಣೆಯಲ್ಲಿ ತಣ್ಣನೆಯ ಬೆವರಿತ್ತು. ಅದು ವಾಯುವೋ ಹೃದಯವೋ ಎಂದು ಆಕೆ ತೀರ್ಮಾನಿಸಹೋಗಲಿಲ್ಲ. ಅದು ತನ್ನ ಕೆಲಸವಲ್ಲವೆಂದು ಅವಳಿಗೆ ಕಲಿಸಿದ್ದರು. ಸಿಸ್ಟರಿಗೆ ಮರಾಠಿಯಲ್ಲಿ ಎರಡು ಮಾತು ಹೇಳಿದಳು, ಸಿಸ್ಟರು ಡಾಕ್ಟರರನ್ನು ಕರೆಯಲು ಓಡಿದರು. ಇ.ಸಿ.ಜಿ. ಯಂತ್ರವನ್ನು ತಳ್ಳಿಕೊಂಡು ಬರುವವರೆಗೆ ಆಕೆ ಮುದುಕನನ್ನು ಒರಗಿಸಿ ಕುಳ್ಳಿರಿಸಿ, ಅವನ ಮಣಿಕಟ್ಟನ್ನು ಹಿಡಿದು ನಿಂತಿದ್ದಳಂತೆ; ಮೊದಲ ನಿಮಿಷ ನಾಡಿ, ಎರಡನೆಯ ನಿಮಿಷ ಉಸಿರು.