ದಾದಿಯ ಕೈಗೆ ಬಿಡುವು ಬೇಕು
(ಉಡುಪಿಯ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಕಾಪುವಿನ ಮೀನುಗಾರನಾಗಲಿ, ಕಾರ್ಕಳದ ಗೇರುಬೀಜ ಕಾರ್ಖಾನೆಯ ಹೆಂಗಸಾಗಲಿ, ಕಾಯಿಲೆ ಕೈಮೀರಿದಾಗ ನಮ್ಮವರು ಓಡುವುದು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ, ಇಲ್ಲವೇ ಮಣಿಪಾಲಕ್ಕೆ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಂದಿನಿಂದ ಕರಾವಳಿಯ ಜನ ಆ ಗುಡ್ಡ ಹತ್ತುತ್ತಲೇ ಇದ್ದಾರೆ. ಆದರೆ ತೀವ್ರ ನಿಗಾ ಘಟಕದ ಬಾಗಿಲು ಮುಚ್ಚಿದ ಮೇಲೆ ಒಳಗೇನು ನಡೆಯುತ್ತದೆಂದು ಹೊರಗೆ ಕುಳಿತ ನಮಗೆ ತಿಳಿಯದು. ತಿಳಿಯಬೇಕು.

ಅಲ್ಲಿ ರೋಗಿಗೆ ಎರಡು ಶತ್ರುಗಳು: ಜೊತೆಗೆ ತಂದ ರೋಗ ಒಂದು, ಅಲ್ಲೇ ಅಂಟುವ ಸೋಂಕು ಇನ್ನೊಂದು. ಉಸಿರಿಗೊಂದು ನಳಿಗೆ, ರಕ್ತನಾಳಕ್ಕೊಂದು, ಮೂತ್ರಕ್ಕೊಂದು. ಮೂರೂ ರೋಗಾಣು ನುಗ್ಗುವ ದಾರಿಗಳೇ. ಹಗಲಿರುಳು ಆ ದಾರಿ ಕಾಯುವವಳು ದಾದಿ. ಹಾಸಿಗೆಯ ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿಡುವುದು, ರೋಗಿಯ ಬಾಯಿ ಶುಚಿ ಮಾಡುವುದು, ನಳಿಗೆಯ ತುದಿಯನ್ನು ಉಜ್ಜಿ ಒರೆಸಿಯೇ ಮದ್ದು ಕೊಡುವುದು, ಇನ್ನು ಬೇಡವಾದ ನಳಿಗೆಯನ್ನು ತೆಗೆಯಿರೆಂದು ವೈದ್ಯರಿಗೆ ದಿನವೂ ನೆನಪಿಸುವುದು ಅವಳ ಕೆಲಸ. ಎಲ್ಲಕ್ಕೂ ಮಿಗಿಲಾದುದು ಕೈ ತೊಳೆಯುವುದು.

1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಕ್ಲೋರಿನ್ ಬೆರೆತ ನೀರಿನಲ್ಲಿ ಕೈ ತೊಳೆಸಿ ಬಾಣಂತಿಯರ ಸಾವನ್ನು ಇಳಿಸಿ ತೋರಿಸಿದ. ಅಂದು ಕೊಳಕಾಗಿದ್ದುದು ಸೂಲಗಿತ್ತಿಯರ ಕೈಯಲ್ಲ. ಹೆಣ ಕೊಯ್ದು ನೇರವಾಗಿ ಹೆರಿಗೆಗೆ ಬರುತ್ತಿದ್ದ ವೈದ್ಯರ, ವಿದ್ಯಾರ್ಥಿಗಳ ಕೈ! ಸೋಂಕು ತಗಲಿದೊಡನೆ ದಾದಿಯತ್ತ ಬೆರಳು ತೋರುವವರು ಇದನ್ನು ಮರೆಯಬಾರದು.

ಒಂದು ಸಣ್ಣ ಲೆಕ್ಕ ಮಾಡೋಣ. ಒಬ್ಬ ರೋಗಿಯನ್ನು ಗಂಟೆಗೆ 10 ಸಲ ಮುಟ್ಟಬೇಕಾಯಿತೆನ್ನಿ. ಮುಟ್ಟುವ ಮುನ್ನ, ಮುಟ್ಟಿದ ಬಳಿಕ ಎಂದು 20 ಸಲ ಕೈಶುದ್ಧಿ. ದ್ರಾವಣದಿಂದ ಉಜ್ಜಲು ಸಲಕ್ಕೆ 30 ಸೆಕೆಂಡು. ಅಲ್ಲಿಗೆ 10 ನಿಮಿಷ. ಮೂವರು ರೋಗಿಗಳನ್ನು ಒಬ್ಬಳಿಗೇ ವಹಿಸಿದರೆ ಗಂಟೆಯಲ್ಲಿ ಅರ್ಧ ಗಂಟೆ ಕೈಗೇ ಹೋಯಿತು! ಉಳಿದರ್ಧದಲ್ಲಿ ಆಕೆ ಮೂರು ಜೀವ ಹೇಗೆ ಕಾಯಬೇಕು? ತೀವ್ರ ನಿಗಾದಲ್ಲಿ ಒಬ್ಬ ರೋಗಿಗೆ ಒಬ್ಬ ದಾದಿ ಎಂದು ಭಾರತೀಯ ಶುಶ್ರೂಷಾ ಪರಿಷತ್ತು ವಿಧಿಸಿರುವುದು ಸುಮ್ಮನಲ್ಲ.

2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ನೇಮಕವಾದ ಸಮಿತಿ, 200ಕ್ಕೂ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳ ದಾದಿಯರಿಗೆ ಸರಕಾರಿ ದಾದಿಯರಷ್ಟೇ ಸಂಬಳ ಕೊಡಬೇಕೆಂದಿತು. ಎಲ್ಲಿಯೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೂಡದೆಂದಿತು. ಶಿಫಾರಸಿನಿಂದ ಹೊಟ್ಟೆ ತುಂಬದು. ಅದು ಕಾಯಿದೆಯ ಬಲದಿಂದ ಜಾರಿಯಾಗಬೇಕು.

ಆದುದರಿಂದ ನಾವು ಕೇಳುವುದಿಷ್ಟು: ಪ್ರತಿ ಪಾಳಿಯಲ್ಲೂ ರೋಗಿಗಳೆಷ್ಟು, ದಾದಿಯರೆಷ್ಟು ಎಂಬುದನ್ನು ಘಟಕದ ಬಾಗಿಲಲ್ಲೇ ಬರೆದು ಹಾಕಲಿ. ತಪ್ಪು ಕಂಡರೆ ವೈದ್ಯರನ್ನೂ ತಡೆದು ಕೈ ತೊಳೆಯಿರೆನ್ನುವ ಅಧಿಕಾರ ದಾದಿಗಿರಲಿ. ನಾವೂ ಒಳನುಗ್ಗಲು ಜಗಳವಾಡದೆ, ಕೈ ತೊಳೆದು ಸರದಿಯಂತೆ ಹೋಗೋಣ. ದಾದಿಯ ನ್ಯಾಯ ಬೇರೆ, ರೋಗಿಯ ಪ್ರಾಣ ಬೇರೆ ಅಲ್ಲ. ಅವಳ ಹೋರಾಟ ನಮ್ಮದೂ ಹೌದು.