ಏಮಿಯ ಉತ್ತರ

ಹೈಂಜ್ ಎಂಬವನ ಹೆಂಡತಿ ಸಾಯುವ ಸ್ಥಿತಿಯಲ್ಲಿದ್ದಾಳೆ. ಔಷಧಿ ಇದೆ, ಕೊಳ್ಳಲು ದುಡ್ಡಿಲ್ಲ. ಅಂಗಡಿಯವನು ಬೆಲೆ ಇಳಿಸಲೊಲ್ಲ. ಹೈಂಜ್ ಕದಿಯಬೇಕೋ, ಬೇಡವೋ?

ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್ ಇಂಥ ಕಟ್ಟುಕತೆಗಳನ್ನು ಮುಂದಿಟ್ಟು ನೈತಿಕ ಬೆಳವಣಿಗೆಗೆ ಆರು ಮೆಟ್ಟಿಲು ಕಟ್ಟಿದರು. 1958ರ ಅವರ ಮೂಲ ಅಧ್ಯಯನದಲ್ಲಿ ಇದ್ದವರೆಲ್ಲ ಹುಡುಗರೇ. ಅದೇ ಮನುಷ್ಯಕುಲದ ಅಳತೆಗೋಲಾಯಿತು!

ಅವರ ಜೊತೆ ಕೆಲಸ ಮಾಡಿದ್ದ ಕ್ಯಾರಲ್ ಗಿಲ್ಲಿಗನ್ 1982ರಲ್ಲಿ ಪ್ರಕಟಿಸಿದ ‘ಇನ್ ಎ ಡಿಫರೆಂಟ್ ವಾಯ್ಸ್’ ಪುಸ್ತಕದಲ್ಲಿ 11 ವರ್ಷದ ಇಬ್ಬರು ಮಕ್ಕಳು ಬರುತ್ತಾರೆ. ಜೇಕ್‌ಗೆ ಅನುಮಾನವೇ ಇಲ್ಲ: ಹಣಕ್ಕಿಂತ ಜೀವ ದೊಡ್ಡದು, ಕದಿಯಲಿ. ಏಮಿಗೆ ಕದಿಯುವುದೂ ಸರಿಕಾಣದು, ಹೆಂಡತಿ ಸಾಯುವುದೂ ಸರಿಕಾಣದು. ಗಂಡ ಜೈಲಿಗೆ ಹೋದ ಮೇಲೆ ಅವಳ ಕಾಯಿಲೆ ಮತ್ತೆ ಹೆಚ್ಚಿದರೆ? ಸಾಲ ಮಾಡಬಹುದಲ್ಲ, ಕೂತು ಮಾತಾಡಬಹುದಲ್ಲ?

ಕೋಲ್‌ಬರ್ಗ್ ಲೆಕ್ಕದಲ್ಲಿ ಏಮಿಗೆ ಜೇಕ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಜಾಗ. ಗಿಲ್ಲಿಗನ್ ಅನುಮಾನಿಸಿದ್ದು ಹುಡುಗಿಯನ್ನಲ್ಲ, ಮೆಟ್ಟಿಲನ್ನು. ಸಂಬಂಧಗಳನ್ನು ಉಳಿಸಿಕೊಳ್ಳುವ ಆಲೋಚನೆಯೂ ನೀತಿಯೇ ಎಂಬ ಅವರ ವಾದದಿಂದ ‘ಆರೈಕೆಯ ನೀತಿಶಾಸ್ತ್ರ’ ಬೆಳೆಯಿತು.

ಸ್ತ್ರೀವಾದಿಗಳೆಲ್ಲ ಒಪ್ಪಲಿಲ್ಲ, ಸ್ವಾರಸ್ಯ ಇರುವುದೇ ಅಲ್ಲಿ. ಆರೈಕೆ ಹೆಣ್ಣಿನ ಸಹಜಗುಣ ಎಂದು ಹೊಗಳಿದರೆ ಅಡುಗೆಮನೆ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿದಂತಲ್ಲವೇ? ರಾಜಕೀಯ ಚಿಂತಕಿ ಜೋನ್ ಟ್ರಾಂಟೊ 1993ರಲ್ಲಿ ಪ್ರಶ್ನೆಯನ್ನೇ ಹೊರಳಿಸಿದರು. ಅವರ ಪ್ರಕಾರ ಆರೈಕೆ ಸ್ವಭಾವದ ಮಾತಲ್ಲ, ರಾಜಕೀಯದ ಮಾತು: ಅಧಿಕಾರವಿದ್ದವರು ಆ ಕೆಲಸವನ್ನು ಹೆಂಗಸರ, ಬಡವರ, ಕಪ್ಪು ಜನರ ಹೆಗಲಿಗೆ ದಾಟಿಸುತ್ತಾರೆ. ಮುಸುರೆ ತಿಕ್ಕುವವರು, ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸಿ ಮಲಗಿಸುವವರು ಕಡಿಮೆ ಸಂಬಳದ ಸಾಲಿನಲ್ಲೇ ಇರುತ್ತಾರೆ.