ಕತ್ತರಿ ಹಿಡಿದ ಮುದುಕನ ಆಟ

(ಮಕ್ಕಳ ಚಿತ್ರಕಲಾ ಶಿಬಿರವೊಂದರ ಸಮಾರೋಪದಲ್ಲಿ, ಪೋಷಕರು ಮತ್ತು ಡ್ರಾಯಿಂಗ್ ಮೇಷ್ಟರುಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)

ಹಿರಿಯರೇ, ಕೈಗೆಲ್ಲ ಬಣ್ಣ ಮೆತ್ತಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಿರುವ ಪುಟಾಣಿಗಳೇ,

ನಾನು ಚಿತ್ರಕಾರನಲ್ಲ, ಪತ್ರಿಕಾ ವರದಿಗಾರ. ಹೈಸ್ಕೂಲಿನಲ್ಲಿದ್ದಾಗ ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆ ಪಾಸು ಮಾಡಿದೆ. ಹೈಯರ್ ಗ್ರೇಡಿಗೆಂದು ಒಂದು ಹೂಜಿ, ಒಂದು ಲೋಟ, ಎರಡು ನಿಂಬೆಹಣ್ಣು ಇಷ್ಟನ್ನೇ ವರ್ಷವಿಡೀ ಬರೆದೆ. ಕೈ ಪಳಗಿತು. ಪರೀಕ್ಷೆ ಮುಗಿದ ಮರುದಿನದಿಂದ ಮಾತ್ರ ಪೆನ್ಸಿಲ್ ಮುಟ್ಟಬೇಕೆನಿಸಲಿಲ್ಲ. ಇದರಲ್ಲಿ ನಮ್ಮ ಮೇಷ್ಟರ ತಪ್ಪೇನೂ ಇಲ್ಲ. ಆದರೆ ಕೈ ಪಳಗಿದಂತೆ ಆಟವೇಕೆ ಕಳೆದುಹೋಗುತ್ತದೆ, ಕಳೆದುಹೋದದ್ದು ಮತ್ತೆ ಸಿಗುತ್ತದೆಯೇ ಎಂಬ ಪ್ರಶ್ನೆ ಅಂದಿನಿಂದಲೂ ನನ್ನ ಜೊತೆಗಿದೆ. ಹಾಗಾಗಿ ಇವತ್ತು ಎಪ್ಪತ್ತು ದಾಟಿದ ಮೇಲೆ ಆಟ ಕಲಿತ ಒಬ್ಬ ಮುದುಕನ ಕಥೆ ಹೇಳುತ್ತೇನೆ.

ಅವರ ಹೆಸರು ಹೆನ್ರಿ ಮಾತೀಸ್. 1869ರಲ್ಲಿ ಉತ್ತರ ಫ್ರಾನ್ಸಿನಲ್ಲಿ ಹುಟ್ಟಿದವರು. ಓದಿದ್ದು ಕಾನೂನು, ಸೇರಿದ್ದು ವಕೀಲರ ಕಚೇರಿಯ ಗುಮಾಸ್ತಗಿರಿಗೆ. ಇಪ್ಪತ್ತರ ಆಸುಪಾಸಿನಲ್ಲಿ ಅಪೆಂಡಿಸೈಟಿಸ್ ಆಗಿ ಹಾಸಿಗೆ ಹಿಡಿದಾಗ, ಹೊತ್ತು ಹೋಗಲೆಂದು ತಾಯಿ ಒಂದು ಬಣ್ಣದ ಪೆಟ್ಟಿಗೆ ತಂದುಕೊಟ್ಟರು. ಕಚೇರಿಯ ಕಡತಗಳ ಕಥೆ ಅಲ್ಲಿಗೆ ಮುಗಿಯಿತು. 1905ರ ಪ್ಯಾರಿಸ್ ಪ್ರದರ್ಶನದಲ್ಲಿ ಮಾತೀಸ್ ಮತ್ತು ಸಂಗಡಿಗರ ಬಣ್ಣಗಳನ್ನು ಕಂಡು ವಿಮರ್ಶಕರೊಬ್ಬರು ‘ಕಾಡುಮೃಗಗಳು’ ಎಂದರು. ಆ ಬೈಗುಳವೇ ಮುಂದೆ ಒಂದು ಕಲಾಪಂಥದ ಹೆಸರಾಯಿತು.

ಹೆಸರು, ಹಣ ಎಲ್ಲವೂ ಬಂತು. 1941ರಲ್ಲಿ, 71ನೇ ವಯಸ್ಸಿನಲ್ಲಿ, ಹೊಟ್ಟೆಯ ಕ್ಯಾನ್ಸರಿಗೆ ದೊಡ್ಡ ಶಸ್ತ್ರಚಿಕಿತ್ಸೆ ಆಯಿತು. ಜೀವ ಉಳಿಯಿತು. ಆದರೆ ಆಮೇಲಿನ ಬದುಕು ಹೆಚ್ಚಾಗಿ ಹಾಸಿಗೆ ಮತ್ತು ಗಾಲಿಕುರ್ಚಿಯಲ್ಲಿ. ಈಸೆಲ್ ಮುಂದೆ ಗಂಟೆಗಟ್ಟಲೆ ನಿಂತು ಬಣ್ಣ ಹಚ್ಚುವ ಶಕ್ತಿ ಇಲ್ಲ. ಆಗ ಅವರು ಕೈಗೆತ್ತಿಕೊಂಡದ್ದು ಕತ್ತರಿ.

ಈ ಕೆಲಸದ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಹಾಯಕಿಯರು ಬಿಳಿ ಕಾಗದದ ಹಾಳೆಗಳಿಗೆ ಗೌಶ್ ಎಂಬ ಬಣ್ಣ ಬಳಿದು ಒಣಗಿಸುತ್ತಿದ್ದರು. ನಮ್ಮ ಶಾಲೆಗಳ ಪೋಸ್ಟರ್ ಕಲರ್ ಇದಕ್ಕೆ ಹತ್ತಿರದ್ದು. ಮಾತೀಸ್ ಮೊದಲು ಪೆನ್ಸಿಲಿನಿಂದ ಗುರುತು ಹಾಕದೆ ನೇರವಾಗಿ ಕತ್ತರಿ ಓಡಿಸುತ್ತಿದ್ದರು. ಎಲೆ, ಹಕ್ಕಿ, ಪಾಚಿ, ಹೆಣ್ಣಿನ ಮೈ, ಯಾವುದೂ ಆಗಬಹುದು. ಸಹಾಯಕಿಯರು ಆ ತುಂಡುಗಳನ್ನು ಗುಂಡುಸೂಜಿಯಿಂದ ಗೋಡೆಗೆ ಚುಚ್ಚುವರು. ಇವರು ಹಾಸಿಗೆಯಿಂದಲೇ ‘ಸ್ವಲ್ಪ ಮೇಲೆ, ಸ್ವಲ್ಪ ಎಡಕ್ಕೆ’ ಎನ್ನುವರು. ನಾಳೆ ಬೇಡವೆನಿಸಿದರೆ ಕಿತ್ತು ಬೇರೆ ಕಡೆ ಚುಚ್ಚಿದರಾಯಿತು. ಗಣಪತಿ ಮಂಟಪಕ್ಕೆ ಬಣ್ಣದ ಕಾಗದ ಕತ್ತರಿಸಿ ತೋರಣ ಕಟ್ಟಿದವರಿಗೆ ಈ ಸುಖ ಗೊತ್ತು.

ಮೇಲುನೋಟಕ್ಕೆ ಇದು ಮಕ್ಕಳ ಕೆಲಸ. ಆದರೆ ರೇಖೆ ಮೊದಲೋ ಬಣ್ಣ ಮೊದಲೋ ಎಂಬುದು ಚಿತ್ರಕಾರರ ಹಳೆಯ ಜಗಳ. ಗೆರೆ ಎಳೆದು ಒಳಗೆ ಬಣ್ಣ ತುಂಬಿದರೆ ಬಣ್ಣ ಗೆರೆಯ ಆಳಾಗುತ್ತದೆ. ಬಣ್ಣದ ಹಾಳೆಯಲ್ಲಿ ಕತ್ತರಿ ಆಡಿದಾಗ ಗೆರೆ, ಬಣ್ಣ ಎರಡೂ ಒಂದೇ ಕ್ಷಣದಲ್ಲಿ ಹುಟ್ಟುತ್ತವೆ. ಮಾತೀಸರನ್ನು ನಲವತ್ತು ವರ್ಷ ಕಾಡಿದ ತೊಡಕನ್ನು ಈ ಆಟ ಬಿಡಿಸಿತು.

ಇದನ್ನೆಲ್ಲ ಅವರು ನೆಮ್ಮದಿಯಲ್ಲಿ ಮಾಡಿದರೆಂದು ತಿಳಿಯಬೇಡಿ. 1947ರಲ್ಲಿ ಪ್ರಕಟವಾದ ಅವರ ‘ಜಾಝ್’ ಪುಸ್ತಕದ ಇಪ್ಪತ್ತು ಚಿತ್ರಗಳಲ್ಲಿ ಬಹುಪಾಲು ತಯಾರಾದದ್ದು 1943-44ರ ಯುದ್ಧಕಾಲದಲ್ಲಿ. ನೀಸ್ ನಗರಕ್ಕೆ ಬಾಂಬಿನ ಭಯವಿದ್ದುದರಿಂದ ಅವರು ಹತ್ತಿರದ ವಾನ್ಸ್ ಎಂಬ ಊರಿಗೆ ಹೋಗಿದ್ದರು. 1944ರಲ್ಲಿ ಅವರಿಂದ ದೂರವಾಗಿದ್ದ ಪತ್ನಿ ಮತ್ತು ಮಗಳು ನಾಜಿ ವಿರೋಧಿ ಹೋರಾಟಕ್ಕೆ ನೆರವಾದದ್ದಕ್ಕೆ ಗೆಸ್ಟಾಪೋ ಪೊಲೀಸರ ಕೈಗೆ ಸಿಕ್ಕರು. ಪತ್ನಿಗೆ ಸೆರೆ, ಮಗಳಿಗೆ ಚಿತ್ರಹಿಂಸೆ. ಅಂಥ ದಿನಗಳ ಪುಸ್ತಕದಲ್ಲಿ ಸರ್ಕಸ್ಸಿನ ಕೋಡಂಗಿ, ಕತ್ತಿ ನುಂಗುವವ, ಬಿಳಿ ಆನೆ ಇದ್ದಾರೆ! ಆ ಬಣ್ಣಗಳನ್ನು ನೋಡುವಾಗ ನನಗೆ ಒಮ್ಮೊಮ್ಮೆ ನಗೆ ಬರುತ್ತದೆ, ಒಮ್ಮೊಮ್ಮೆ ಭಯವಾಗುತ್ತದೆ.

ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂದು ಇಲ್ಲಿ ಒಬ್ಬ ತಾಯಿ ಬೆಳಿಗ್ಗೆ ಕೇಳಿದರು. 1946ರಲ್ಲಿ ಮಾತೀಸ್ ಪ್ಯಾರಿಸ್ಸಿನ ಮನೆಯಲ್ಲಿದ್ದಾಗ ಗೋಡೆಯ ಮೇಲೊಂದು ಕಲೆ ಕಣ್ಣಿಗೆ ಚುಚ್ಚುತ್ತಿತ್ತು. ಬರೆಯುವ ಬಿಳಿ ಕಾಗದದಲ್ಲಿ ಒಂದು ಹಕ್ಕಿ ಕತ್ತರಿಸಿ ಅದರ ಮೇಲೆ ಅಂಟಿಸಲು ಹೇಳಿದರು. ಒಂಟಿ ಹಕ್ಕಿಗೆ ಜೊತೆ ಬೇಕೆನಿಸಿತು. ಮೀನು ಬಂತು, ಹವಳ ಬಂತು, ಗೋಡೆಯೆಲ್ಲ ತುಂಬಿತು. ಹದಿನಾರು ವರ್ಷ ಹಿಂದೆ, 1930ರಲ್ಲಿ, ಅವರು ತಾಹಿತಿ ದ್ವೀಪಕ್ಕೆ ಹೋಗಿ ಹೇಳಿಕೊಳ್ಳುವಂಥ ಚಿತ್ರಗಳಿಲ್ಲದೆ ಮರಳಿದ್ದರು. ಅಂದು ಕಂಡ ಸಮುದ್ರ ಈಗ ಹೊರಬಂತು. ಗೋಡೆಯ ಕಲೆ ಮುಚ್ಚಲು ಹೋಗಿ ಕಲೆಯೇ ಆಯಿತು, ಅಷ್ಟೇ ತಾಯಿ ನನಗೆ ಗೊತ್ತಿರುವ ಉತ್ತರ.

1952ರ ಬೇಸಿಗೆಯಲ್ಲಿ ಈಜುಗಾರರನ್ನು ನೋಡುವ ಆಸೆಯಿಂದ ಅವರು ಕಾನ್ ನಗರದ ಈಜುಕೊಳಕ್ಕೆ ಹೋದರು. ಬಿಸಿಲು ತಡೆಯಲಾಗದೆ ಮನೆಗೆ ಬಂದು, ನನ್ನ ಈಜುಕೊಳ ನಾನೇ ಮಾಡಿಕೊಳ್ಳುತ್ತೇನೆ ಎಂದರಂತೆ. ಊಟದ ಕೋಣೆಯ ಗೋಡೆಯ ಸುತ್ತ ತಲೆಯ ಮಟ್ಟದಲ್ಲಿ ಬಿಳಿ ಕಾಗದದ ಪಟ್ಟಿ, ಅದರ ಮೇಲೆ ನೆಗೆಯುವ, ಮುಳುಗುವ ನೀಲಿ ದೇಹಗಳು. ಒಟ್ಟು ಉದ್ದ ಹದಿನಾರು ಮೀಟರಿಗೂ ಹೆಚ್ಚು. ನಡೆಯಲಾರದ ಮನುಷ್ಯ ಕುಳಿತಲ್ಲೇ ಈಜಿದ್ದು ಹೀಗೆ. ಎರಡು ವರ್ಷದ ನಂತರ, 84ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.

‘ದೋಣಿ’ ಎಂಬ ಅವರ ಕಾಗದದ ಚಿತ್ರವೊಂದನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ 1961ರಲ್ಲಿ 47 ದಿನ ತಲೆಕೆಳಗಾಗಿ ತೂಗುಹಾಕಿದ್ದರು. ಮಗುವಿನ ಚಿತ್ರವನ್ನು ತಿರುಗಿಸಿ ಹಿಡಿದು ‘ಇದೇನೋ?’ ಎಂದು ಕೇಳುವ ಅಪ್ಪಂದಿರು ನಾಚಿಕೊಳ್ಳಬೇಕಾಗಿಲ್ಲ.

ಮುದುಕರಾಗಿ ಹಾಸಿಗೆ ಹಿಡಿಯುವವರೆಗೆ ಕಾಯಬೇಕೇ? ನಮ್ಮವರೇ ಆದ ಕೆ.ಕೆ. ಹೆಬ್ಬಾರರು ಕಾಯಲಿಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಹೆಸರು ಮಾಡಿದವರು. ಅವರಿಗೆ ತಮ್ಮ ಗೆರೆಯಲ್ಲಿ ಲಯ ಬೇಕೆನಿಸಿತು. ಅದಕ್ಕಾಗಿ ಪಂಡಿತ್ ಸುಂದರ್ ಪ್ರಸಾದರ ಬಳಿ ಕಥಕ್ ನೃತ್ಯ ಕಲಿಯಲು ಹೋದರು! ವೇದಿಕೆ ಏರಲಲ್ಲ, ಚಿತ್ರ ಬರೆಯಲು. ನಾಲ್ಕೈದು ಗೆರೆಗಳಲ್ಲಿ ಕುಣಿಯುವ ಅವರ ನರ್ತಕಿಯರನ್ನು ನೋಡಿದವರಿಗೆ ಆ ಕಲಿಕೆ ಕೈಗಿಳಿದದ್ದು ಗೊತ್ತಾಗುತ್ತದೆ. ಆ ರೇಖಾಚಿತ್ರಗಳ ಪುಸ್ತಕಕ್ಕೆ ‘ಹಾಡುವ ರೇಖೆ’ ಎಂಬ ಅರ್ಥದ ಇಂಗ್ಲಿಷ್ ಹೆಸರಿದೆ. ಬಲ್ಲ ಕೆಲಸಕ್ಕಾಗಿ ಬಾರದ ಕೆಲಸಕ್ಕೆ ಕೈಹಾಕಿ, ಮತ್ತೆ ಒಂದನೇ ಕ್ಲಾಸಿನಲ್ಲಿ ಕೂರುವ ಧೈರ್ಯ ಅದು. ಹೈಯರ್ ಗ್ರೇಡ್ ಮುಗಿಸಿದ ನನಗೆ ಇಲ್ಲದೇ ಹೋದದ್ದು ಅದೇ ಇರಬೇಕು.

ಕೊನೆಯದಾಗಿ ಶಿಬಿರದವರಲ್ಲಿ ಒಂದು ವಿನಂತಿ. ಒಳಗಿನ ಕೋಣೆಯಲ್ಲಿ ಮಕ್ಕಳು ಕತ್ತರಿಸಿ ಬಿಟ್ಟ ಬಣ್ಣದ ಚೂರುಗಳ ರಾಶಿ ನೋಡಿದೆ. ಮಾತೀಸ್ ಹಾಗೆ ಉಳಿದ ತುಂಡುಗಳನ್ನೂ ಚಿತ್ರಕ್ಕೆ ಬಳಸಿಕೊಳ್ಳುತ್ತಿದ್ದರು. ದಯವಿಟ್ಟು ಅದನ್ನು ಗುಡಿಸಿ ಎಸೆಯಬೇಡಿ. ಒಂದು ಚೀಲ ತಂದಿದ್ದೇನೆ, ಮನೆಗೆ ಒಯ್ಯುತ್ತೇನೆ.